ಅಂಕ ಏರಿದ ಊರಲ್ಲಿ ಮಕ್ಕಳು ಇಳಿದರು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಗೆ ಕೆಲಸಕ್ಕೆಂದು ಬರುವ ಕನ್ನಡ ಕುಟುಂಬಗಳು ಮನೆ ಹುಡುಕುವಾಗ ಮೊದಲು ವಿಚಾರಿಸುವುದು ಶಾಲೆಯನ್ನು. ಆ ಬೀದಿಗೆ ಯಾವ ಶಾಲೆ ಸಿಗುತ್ತದೆ, ಅದಕ್ಕೆ ಹತ್ತಕ್ಕೆ ಎಷ್ಟು ರೇಟಿಂಗ್ ಇದೆ ಎಂಬುದರ ಮೇಲೆ ಇಲ್ಲಿ ಬಾಡಿಗೆಯೂ ನಿಂತಿದೆ, ಮನೆಯ ಬೆಲೆಯೂ ನಿಂತಿದೆ. ಇಲ್ಲೇ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುತ್ತಾ, ವರ್ಷ ವರ್ಷವೂ ಆ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನ ಬಜೆಟ್ಟು, ದಾಖಲಾತಿ, ಪರೀಕ್ಷೆಯ ಫಲಿತಾಂಶಗಳನ್ನು ಓದುತ್ತಾ ನನಗೆ ಮನದಟ್ಟಾದ ಸಂಗತಿಯೊಂದಿದೆ. ಈ ಮೂರನ್ನೂ ಬೇರೆಬೇರೆಯಾಗಿ ಓದಿದರೆ ಮೂರೂ ದಾರಿ ತಪ್ಪಿಸುತ್ತವೆ. ಒಟ್ಟಿಗೆ ಇಟ್ಟು ನೋಡಿದರೆ ಒಂದು ಕಹಿ ಸತ್ಯ ಕಾಣುತ್ತದೆ: ಶಾಲೆಯ ಒಳ್ಳೆಯ ಹೆಸರು ಮನೆಯ ಬೆಲೆ ಏರಿಸುತ್ತದೆ, ಏರಿದ ಬೆಲೆ ಚಿಕ್ಕ ಮಕ್ಕಳಿರುವ ಕುಟುಂಬಗಳನ್ನು ದೂರ ಇಡುತ್ತದೆ, ಮಕ್ಕಳು ಕಡಿಮೆಯಾದ ಶಾಲೆಗೆ ಹಣವೂ ಕಡಿಮೆಯಾಗುತ್ತದೆ. ಅಂಕ ಎಷ್ಟೇ ಚೆನ್ನಾಗಿದ್ದರೂ ಶಾಲೆಯನ್ನು ಅದು ಕಾಯುವುದಿಲ್ಲ.

ಕುಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟನ್ನೇ ನೋಡಿ. ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿಯವರೆಗೆ ಕಲಿಸುವ ಈ ಡಿಸ್ಟ್ರಿಕ್ಟಿನ ಅಂಕಗಳು ರಾಜ್ಯದ ಮೇಲಿನ ಸಾಲಿನಲ್ಲಿವೆ. ಹತ್ತು ವರ್ಷದ ಹಿಂದೆ ಸುಮಾರು 19 ಸಾವಿರ ಮಕ್ಕಳಿದ್ದ ಇಲ್ಲಿ ಈಗ 14 ಸಾವಿರವೂ ಇಲ್ಲ. 2021ರಲ್ಲಿ ಮನೆ ಮನೆಗೂ ಒಂದೇ ಮೊತ್ತದ ಪಾರ್ಸೆಲ್ ತೆರಿಗೆ ಹಾಕಿ ಶಾಲೆಗಳಿಗೆ ಹಣ ಕೂಡಿಸುವ ಪ್ರಸ್ತಾವ ಬಂತು. ಮೂರನೇ ಎರಡು ಭಾಗ ಮತ ಸಿಗದೆ ಅದು ಬಿದ್ದುಹೋಯಿತು. ಮರುವರ್ಷ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಶಾಲೆಗಳು ಮುಚ್ಚಿದವು. ಇವು ಮಕ್ಕಳು ಕಲಿಯದೆ ಸೋತ ಶಾಲೆಗಳಲ್ಲ, ಅವುಗಳ ಸುತ್ತ ಮನೆ ಮಾಡಲು ಜನ ಮುಗಿಬೀಳುತ್ತಿದ್ದರು. ಅದೇ ಕೌಂಟಿಯ ಪೂರ್ವ ಸ್ಯಾನ್ ಹೋಸೆಯಲ್ಲಿರುವ ಆಲಂ ರಾಕ್ ಡಿಸ್ಟ್ರಿಕ್ಟಿನಲ್ಲಿ ಈ ಶತಮಾನದ ಆರಂಭಕ್ಕೆ ಹೋಲಿಸಿದರೆ ಅರ್ಧದಷ್ಟು ಮಕ್ಕಳೂ ಉಳಿದಿಲ್ಲ. ಅಲ್ಲಿ ಬಡ ಕುಟುಂಬಗಳೇ ಹೆಚ್ಚು, ಮನೆಯಲ್ಲಿ ಸ್ಪ್ಯಾನಿಷ್ ಅಥವಾ ವಿಯೆಟ್ನಾಮೀಸ್ ಆಡುವ ಮಕ್ಕಳು ಬಹಳ, ಅಂಕಗಳು ಕೆಳಗಿವೆ. 2024ರ ಕೊನೆಗೆ ಅಲ್ಲಿಯೂ ಹಲವು ಶಾಲೆಗಳನ್ನು ಮುಚ್ಚುವ, ಒಂದರೊಳಗೊಂದು ಸೇರಿಸುವ ತೀರ್ಮಾನವಾಯಿತು. ಅರ್ಧ ಗಂಟೆಯ ಕಾರಿನ ದಾರಿಯ ಎರಡು ತುದಿಯಲ್ಲಿ, ಅಂಕದಲ್ಲಿ ಅಜಗಜಾಂತರವಿರುವ ಎರಡು ಡಿಸ್ಟ್ರಿಕ್ಟುಗಳು ಒಂದೇ ಕಡೆಗೆ ಜಾರಿದವು.

ಕೋವಿಡ್ ಬಂದು ಜನ ಊರು ಬಿಟ್ಟರು, ಕೆಲವರು ಖಾಸಗಿ ಶಾಲೆ ಹಿಡಿದರು, ಅದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. ಅದರಲ್ಲಿ ನಿಜವಿಲ್ಲದಿಲ್ಲ, ಆದರೆ ಇಳಿತ ಅದಕ್ಕೆ ಮುಂಚಿನದು. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2004-05ರಲ್ಲಿ ಸುಮಾರು 63 ಲಕ್ಷ ಮಕ್ಕಳಿದ್ದರು. 2023-24ಕ್ಕೆ ಅದು 58 ಲಕ್ಷದ ಸುಮಾರಿಗೆ ಬಂತು. 2007ರಲ್ಲಿ ರಾಜ್ಯದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರೆ, ಈಚಿನ ವರ್ಷಗಳಲ್ಲಿ ಹುಟ್ಟುತ್ತಿರುವವರು ನಾಲ್ಕು ಲಕ್ಷದ ಆಸುಪಾಸು. ಹುಟ್ಟದ ಮಗು ಐದು ವರ್ಷದ ನಂತರ ಕಿಂಡರ್‌ಗಾರ್ಟನ್ ಬಾಗಿಲಿಗೆ ಬರುವುದಿಲ್ಲ. ಸಾಂಟಾ ಕ್ಲಾರಾದಲ್ಲಿ ಇದರ ಜೊತೆಗೆ ಮನೆಯ ಬೆಲೆಯೂ ಸೇರಿಕೊಂಡಿತು. ಕುಪರ್ಟಿನೊದಲ್ಲಿ ಇಪ್ಪತ್ತು ಲಕ್ಷ ಡಾಲರಿಗಿಂತ ಕಡಿಮೆಗೆ ಸ್ವತಂತ್ರ ಮನೆ ಸಿಗುವುದು ಅಪರೂಪ. ಅಷ್ಟು ಹಣ ಕೂಡಿಸುವ ಹೊತ್ತಿಗೆ ಎಷ್ಟೋ ದಂಪತಿಗಳ ಮಕ್ಕಳು ಪ್ರಾಥಮಿಕ ಶಾಲೆ ದಾಟಿರುತ್ತಾರೆ. ಪೂರ್ವ ಸ್ಯಾನ್ ಹೋಸೆಯಲ್ಲಿ ಬಾಡಿಗೆ ತಾಳಲಾರದೆ ಕುಟುಂಬಗಳು ಕೌಂಟಿಯನ್ನೇ ಬಿಟ್ಟವು, ಉಳಿದವರಲ್ಲಿ ಹಲವರು, ಸರ್ಕಾರದ ಹಣದಲ್ಲೇ ಬೇರೆ ಸಂಸ್ಥೆಗಳು ನಡೆಸುವ ಚಾರ್ಟರ್ ಶಾಲೆಗಳಿಗೆ ಹೋದರು. ರಾಕೆಟ್‌ಶಿಪ್ ಎಂಬ ಚಾರ್ಟರ್ ಸಂಸ್ಥೆ ತನ್ನ ಮೊದಲ ಶಾಲೆ ತೆರೆದದ್ದು 2007ರಲ್ಲಿ, ಸ್ಯಾನ್ ಹೋಸೆಯಲ್ಲೇ.

ಇನ್ನು ಹಣದ ಮಾತು. ಇದು ಸ್ವಲ್ಪ ಜಟಿಲ, ಆದರೆ ಗಂಟು ಇರುವುದೇ ಇಲ್ಲಿ. 1978ರ ಪ್ರೊಪೊಸಿಷನ್ 13 ಆಸ್ತಿ ತೆರಿಗೆಯನ್ನು ಶೇ. 1ಕ್ಕೆ ಕಟ್ಟಿಹಾಕಿತು, ತೆರಿಗೆಗೆ ಹಿಡಿಯುವ ಮನೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಮಾಡಿತು. 1980ರಲ್ಲಿ ಒಂದು ಲಕ್ಷ ಡಾಲರಿಗೆ ಕೊಂಡ ಮನೆಯಲ್ಲಿ ಇಂದಿಗೂ ಅದೇ ಯಜಮಾನರಿದ್ದರೆ, ತೆರಿಗೆಯ ಲೆಕ್ಕದಲ್ಲಿ ಅದರ ಬೆಲೆ ಎರಡೂವರೆ ಲಕ್ಷವೂ ಆಗುವುದಿಲ್ಲ. ವರ್ಷಕ್ಕೆ ಅವರು ಕಟ್ಟುವ ಮೂಲ ತೆರಿಗೆ ಎರಡೂವರೆ ಸಾವಿರ ಡಾಲರಿನೊಳಗೆ. ಪಕ್ಕದಲ್ಲಿ ಅಂಥದೇ ಮನೆಯನ್ನು ಈಗ ಇಪ್ಪತ್ತೈದು ಲಕ್ಷಕ್ಕೆ ಕೊಂಡವರು ಇಪ್ಪತ್ತೈದು ಸಾವಿರ ಕಟ್ಟುತ್ತಾರೆ. ಇಷ್ಟೊಂದು ಕಟ್ಟುತ್ತೇವೆ, ನಮ್ಮ ಶಾಲೆಗೇಕೆ ಹಣವಿಲ್ಲ ಎಂದು ಹೊಸಬರು ಕೇಳುವುದು ಸಹಜ. 2013ರಲ್ಲಿ ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ ಬಂದ ಅನುದಾನ ಸೂತ್ರದಲ್ಲಿ ಉತ್ತರವಿದೆ. ಶಾಲೆಗೆ ದಿನವೂ ಹಾಜರಾಗುವ ಮಕ್ಕಳ ಸರಾಸರಿ ಲೆಕ್ಕ ಹಿಡಿದು ಪ್ರತಿ ಡಿಸ್ಟ್ರಿಕ್ಟಿಗೆ ಇಷ್ಟು ಎಂದು ನಿಗದಿಯಾಗುತ್ತದೆ. ಸ್ಥಳೀಯ ಆಸ್ತಿ ತೆರಿಗೆ ಹೆಚ್ಚು ಬಂದರೆ ರಾಜ್ಯ ತನ್ನ ಪಾಲನ್ನು ಅಷ್ಟು ಕಡಿಮೆ ಮಾಡುತ್ತದೆ. ಆಸ್ತಿ ತೆರಿಗೆಯೇ ಆ ನಿಗದಿಯನ್ನು ಮೀರಿದ ಡಿಸ್ಟ್ರಿಕ್ಟುಗಳು ಮಾತ್ರ ಹೆಚ್ಚುವರಿಯನ್ನು ತಾವೇ ಇಟ್ಟುಕೊಳ್ಳುತ್ತವೆ. ಪಾಲೊ ಆಲ್ಟೊ ಹಾಗಿದೆ. ಕುಪರ್ಟಿನೊ ಮಕ್ಕಳು ಒಂಬತ್ತನೇ ತರಗತಿಗೆ ಹೋಗುವ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟೂ ಹಾಗೆಯೇ. ಶಾಲೆ ಮುಚ್ಚುವ ಚರ್ಚೆ ನಡೆದಾಗ ಕುಪರ್ಟಿನೊ ಯೂನಿಯನ್ ಹಾಗಿರಲಿಲ್ಲ. ಅದೇ ಊರು, ಅದೇ ಮನೆ, ಅದೇ ಮಗು: ಎಂಟನೇ ತರಗತಿಯವರೆಗೆ ಮಗು ಕಡಿಮೆಯಾದರೆ ಹಣ ಹೋಗುತ್ತಿತ್ತು, ಒಂಬತ್ತರಿಂದ ಮುಂದೆ ಮಗು ಕಡಿಮೆಯಾದರೆ ತಲೆಗೆ ಬರುವ ಹಣ ಹೆಚ್ಚುತ್ತಿತ್ತು. ಯಾವ ನ್ಯಾಯದಿಂದಲೂ ಇದನ್ನು ಸಮರ್ಥಿಸಲು ನನಗೆ ಸಾಧ್ಯವಾಗಿಲ್ಲ.

ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆಯಾಗುತ್ತದಲ್ಲ, ಹಣ ಇಳಿದರೆ ತಪ್ಪೇನು ಎಂಬ ವಾದ ಬೋರ್ಡ್ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಕಿಂಡರ್‌ಗಾರ್ಟನ್‌ನಿಂದ ಐದರವರೆಗೆ ಆರು ತರಗತಿ, ಪ್ರತಿ ತರಗತಿಗೆ ನಾಲ್ಕು ಸೆಕ್ಷನ್, ಸೆಕ್ಷನ್ನಿಗೆ 24 ಮಕ್ಕಳು, ಒಟ್ಟು 576. ಪ್ರತಿ ತರಗತಿಯಲ್ಲೂ ಐದು ಮಕ್ಕಳು ಕಡಿಮೆಯಾದರು ಎನ್ನಿ. 96ರ ಜಾಗದಲ್ಲಿ 91. ನಾಲ್ಕು ಸೆಕ್ಷನ್ನನ್ನು ಮೂರು ಮಾಡಿದರೆ ಕೋಣೆಗೆ ಮೂವತ್ತು ಮಕ್ಕಳಾಗುತ್ತಾರೆ. ಮೂರನೇ ತರಗತಿಯವರೆಗೆ ಸರಾಸರಿ 24ರ ಮಿತಿ ಇರುವುದರಿಂದ ಅದು ಆಗದ ಮಾತು. ಹಾಗಾಗಿ ಆ ತರಗತಿಗಳಲ್ಲಿ ಒಬ್ಬ ಶಿಕ್ಷಕಿಯೂ ಕಡಿಮೆಯಾಗುವುದಿಲ್ಲ. ಪ್ರಿನ್ಸಿಪಾಲ್, ಆಫೀಸಿನವರು, ಕಸ ಗುಡಿಸುವವರು, ಸೋರುವ ಚಾವಣಿ, ಕರೆಂಟು ಬಿಲ್ಲು ಎಲ್ಲವೂ ಇದ್ದಂತೆಯೇ ಇರುತ್ತವೆ. ಮಗುವಿಗೆ ಹತ್ತು ಸಾವಿರ ಡಾಲರಿನಂತೆ ಹಿಡಿದರೂ ಮೂವತ್ತು ಮಕ್ಕಳ ಮೂರು ಲಕ್ಷ ಡಾಲರ್ ಖೋತಾ. ಅದನ್ನು ಸರಿತೂಗಿಸಲು ಮೊದಲು ಹೋಗುವವರು ಸಂಗೀತದ ಮೇಷ್ಟ್ರು, ಲೈಬ್ರರಿಯವರು, ಕೌನ್ಸೆಲರ್. ಮೂರು ವರ್ಷದ ಸರಾಸರಿ ಹಾಜರಾತಿಯನ್ನು ಹಿಡಿಯಬಹುದೆಂದು ರಾಜ್ಯ 2022ರಲ್ಲಿ ನಿಯಮ ತಿದ್ದಿತು. ಅದು ಪೆಟ್ಟನ್ನು ಮುಂದಕ್ಕೆ ಹಾಕಿತು, ತಪ್ಪಿಸಲಿಲ್ಲ. ಹಾಗೆಂದು ಅರ್ಧ ಖಾಲಿಯಾದ ಶಾಲೆಯನ್ನೆಲ್ಲ ಹಾಗೇ ಉಳಿಸಬೇಕೆಂಬ ಪಕ್ಷ ನನ್ನದಲ್ಲ. ಮುಚ್ಚಿದರೆ ಉಳಿಯುವ ಹಣ ಜನ ತಿಳಿದಷ್ಟಿಲ್ಲ ಎಂಬುದನ್ನು ಮಾತ್ರ ಹೇಳಬೇಕು. ಮಕ್ಕಳ ಹಿಂದೆ ಶಿಕ್ಷಕರೂ ಇನ್ನೊಂದು ಶಾಲೆಗೆ ಹೋಗುತ್ತಾರೆ, ಅವರ ಸಂಬಳವೇ ದೊಡ್ಡ ಖರ್ಚು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಅಂಕದ್ದು. 2013ರ ಸೂತ್ರದಲ್ಲಿ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಹೆತ್ತವರಿಂದ ಬೇರ್ಪಟ್ಟು ಬೇರೆ ಮನೆಗಳಲ್ಲಿ ಬೆಳೆಯುವವರಿಗೆ ಶೇ. 20 ಹೆಚ್ಚು ಹಣವಿದೆ. ಅಂಥವರು ಶೇ. 55ನ್ನು ಮೀರಿದ ಕಡೆ ಅದರ ಮೇಲೂ ಇದೆ. ಹೀಗೆ ಆಲಂ ರಾಕಿನ ಮಗುವಿಗೆ ಸೂತ್ರದ ಪ್ರಕಾರ ಕುಪರ್ಟಿನೊ ಮಗುವಿಗಿಂತ ಹೆಚ್ಚು ಸಿಗುತ್ತದೆ, ಆದರೂ ಅಂಕ ಕಡಿಮೆ. ಹಾಗಾದರೆ ಹಣದಿಂದ ಆದದ್ದೇನು? ಪ್ರಶ್ನೆ ಸರಿಯಾಗಿದೆ, ಹೋಲಿಕೆ ಸರಿಯಿಲ್ಲ. ಆಲಂ ರಾಕನ್ನು ಹೋಲಿಸಬೇಕಾದದ್ದು ಅದೇ ಮಕ್ಕಳು ಆ ಹಣವಿಲ್ಲದೆ ಎಲ್ಲಿರುತ್ತಿದ್ದರು ಎಂಬುದರ ಜೊತೆ. ಅರ್ಥಶಾಸ್ತ್ರಜ್ಞ ರಕ್ಕರ್ ಜಾನ್ಸನ್ ಇದೇ ಸೂತ್ರವನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗುವಿಗೆ ವರ್ಷಕ್ಕೆ ಸಾವಿರ ಡಾಲರ್ ಹೆಚ್ಚಿಗೆ ಮೂರು ವರ್ಷ ಸತತ ಸಿಕ್ಕಾಗ ಗಣಿತದಲ್ಲೂ ಓದಿನಲ್ಲೂ ಒಂದು ಪೂರ್ತಿ ತರಗತಿಯಷ್ಟು ಮುನ್ನಡೆ ಕಂಡಿತು. ಇನ್ನು ಕುಪರ್ಟಿನೊ ಅಂಕದ ಹಿಂದೆ ಶಾಲೆಯ ಬಜೆಟ್ಟಿನಲ್ಲಿ ಕಾಣದ ಹಣ ಎಷ್ಟಿದೆ ಎಂಬುದು ನಮಗೆ, ಇಲ್ಲಿನ ಭಾರತೀಯ ತಂದೆತಾಯಿಗಳಿಗೆ, ಚೆನ್ನಾಗಿ ಗೊತ್ತು. ಸಂಜೆಯಾದರೆ ಕುಮಾನ್, ರಷ್ಯನ್ ಮ್ಯಾತ್ ಟ್ಯೂಷನ್, ಶನಿವಾರ ಡಿಬೇಟ್ ಕೋಚಿಂಗ್. ಆ ಮಗು ಗಣಿತದಲ್ಲಿ ತೆಗೆದ ಅಂಕವೆಲ್ಲ ಶಾಲೆಯ ಖಾತೆಗೆ ಜಮೆಯಾಗುತ್ತದೆ, ಆ ಅಂಕದಿಂದ ರೇಟಿಂಗ್ ಏರುತ್ತದೆ, ರೇಟಿಂಗಿನಿಂದ ಮನೆಯ ಬೆಲೆ.

ಅಂಕದ ಹಿಂದೆ ಮನೆಯ ಹಣವಿದೆ ಎಂಬುದನ್ನೇ ರಾಜ್ಯದ ಒಟ್ಟು ಫಲಿತಾಂಶವೂ ಹೇಳುತ್ತದೆ. 2019ರಲ್ಲಿ ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿದವರು ಶೇ. 40ರ ಹತ್ತಿರ. ಕೋವಿಡ್ ನಂತರ 2022ರಲ್ಲಿ ಶೇ. 33. 2024ರಲ್ಲಿ ಶೇ. 35.5, ಬಡ ಮಕ್ಕಳಲ್ಲಿ ಹತ್ತಿರಹತ್ತಿರ ನಾಲ್ವರಲ್ಲಿ ಒಬ್ಬರು ಮಾತ್ರ. ಕೌಂಟಿಯ ಸರಾಸರಿ ರಾಜ್ಯದ್ದಕ್ಕಿಂತ ಮೇಲಿದೆ ಎಂದು ಸಮಾಧಾನಪಟ್ಟುಕೊಂಡರೆ ಪೂರ್ವ ಸ್ಯಾನ್ ಹೋಸೆಯ ಮಕ್ಕಳು ಆ ಸರಾಸರಿಯೊಳಗೆ ಮರೆಯಾಗಿಹೋಗುತ್ತಾರೆ.

ಕರ್ನಾಟಕದಲ್ಲಿ ಸರ್ಕಾರಿ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಬಡವಾಗುತ್ತಿರುವುದನ್ನು ಕಂಡ ಓದುಗರಿಗೆ ಇದು ಅದೇ ಕಥೆ ಎನಿಸಬಹುದು. ಅಲ್ಲಿ ಬಹಳಷ್ಟು ಮಕ್ಕಳು ಖಾಸಗಿ ಇಂಗ್ಲಿಷ್ ಶಾಲೆಯ ಪಾಲಾದರು. ಇಲ್ಲಿ ಊರಲ್ಲಿ ಮಕ್ಕಳೇ ಕಡಿಮೆಯಾದರು. ಕಾರಣ ಬೇರೆಯಾದ್ದರಿಂದ ಮದ್ದೂ ಬೇರೆ. ಸಾಂಟಾ ಕ್ಲಾರಾಕ್ಕೆ ಮೊದಲು ಬೇಕಾದದ್ದು ಚಿಕ್ಕ ಮಕ್ಕಳಿರುವ ಕುಟುಂಬಗಳ ಕೈಗೆಟಕುವ ಮನೆಗಳು. ಸ್ಕೂಲ್ ಬೋರ್ಡಿನಷ್ಟೇ ಊರಿನ ಪ್ಲಾನಿಂಗ್ ಕಮಿಷನ್ನೂ ಶಾಲೆಯ ಹಣೆಬರಹ ಬರೆಯುತ್ತದೆ, ನಮ್ಮವರು ಅತ್ತ ತಲೆ ಹಾಕುವುದು ಕಡಿಮೆ. ಎರಡನೆಯದು ಮತ. ಪಾರ್ಸೆಲ್ ತೆರಿಗೆಗೆ ಮೂರನೇ ಎರಡು ಭಾಗ ಬೇಕು. ಮತ ಹಾಕುವವರಲ್ಲಿ ಮಕ್ಕಳನ್ನು ಎಂದೋ ಓದಿಸಿ ಮುಗಿಸಿದ ಹಳೆಯ ಮನೆಯವರು ಬಹಳ ಇದ್ದಾರೆ, ಶಾಲೆಯಲ್ಲಿ ಮಕ್ಕಳಿರುವ ಎಷ್ಟೋ ಕನ್ನಡ ಕುಟುಂಬಗಳು ಎಚ್-1ಬಿಯಲ್ಲೋ ಗ್ರೀನ್ ಕಾರ್ಡಿನಲ್ಲೋ ಇವೆ, ಅವಕ್ಕೆ ಮತವಿಲ್ಲ. ಪೌರತ್ವ ಪಡೆದವರು ಈ ಮತಪತ್ರ ಬಂದಾಗ ದಯವಿಟ್ಟು ಬದಿಗಿಡಬೇಡಿ, ನಿಮ್ಮ ಮಕ್ಕಳು ಕಾಲೇಜು ಸೇರಿದ್ದರೂ ಸರಿ. ಮತವಿಲ್ಲದವರು ಬೋರ್ಡ್ ಸಭೆಗೆ ಹೋಗಿ, ನಿಮ್ಮ ಶಾಲೆಯ ದಾಖಲಾತಿ ಮುಂದಿನ ಐದು ವರ್ಷಕ್ಕೆ ಎಷ್ಟೆಂದು ಅಂದಾಜಿಸಿದ್ದಾರೆ, ಹಣ ಎಲ್ಲಿ ಕಡಿತವಾಗುತ್ತದೆ ಎಂದು ಕೇಳಿ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಆ ಸಭೆಯಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ.