ಹಿರಿಯರ ಆಸರೆ

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮನೆಗಳು ಒತ್ತಾಗಿಲ್ಲ. ಮಕ್ಕಳು ಬೆಂಗಳೂರು ಸೇರಿ, ಕಾಫಿತೋಟದ ಒಂಟಿಮನೆಯಲ್ಲಿ ಮುದುಕರಿಬ್ಬರೇ ಉಳಿದಿರುವುದು ಈಗ ಅಪರೂಪವಲ್ಲ. ಮುಂಗಾರು ಹಿಡಿಯಿತೆಂದರೆ ಅಂಗಳ ಪಾಚಿಗಟ್ಟುತ್ತದೆ. ಕಾಲು ಜಾರಿ ಬಿದ್ದವರ ಕೂಗು ನೆರೆಮನೆಗೆ ಮುಟ್ಟದು. ಆಗ ವೃದ್ಧಾಶ್ರಮದ ಮಾತು ಬರುತ್ತದೆ.

ಆಶ್ರಮವೊಂದು ತಕ್ಕುದೆಂದು ಅರಿಯುವುದು ಹೇಗೆ? ಗೋಡೆಯ ಸುಣ್ಣಬಣ್ಣವನ್ನೂ ದಾನಿಗಳ ಹೆಸರು ಕೆತ್ತಿದ ಕಲ್ಲನ್ನೂ ನೋಡಿ ಹಿಂದಿರುಗಿದರೆ ಸಾಲದು. ಬಚ್ಚಲಿನ ನೆಲ ಜಾರುವುದೇ, ಹಿಡಿದು ಏಳಲು ಕಂಬಿಯಿದೆಯೇ, ಆಷಾಢದ ಮಳೆಯಲ್ಲಿಯೂ ಹಾಸಿಗೆ ಒಣಗಿರುವುದೇ, ನಡುರಾತ್ರಿ ಕರೆದರೆ ಓಗೊಡುವವರು ಯಾರು, ಔಷಧ ಕೊಟ್ಟ ಹೊತ್ತನ್ನು ಬರೆದಿಡುವರೇ ಎಂಬುದನ್ನು ಪರೀಕ್ಷಿಸಬೇಕು. ಪಿಂಚಣಿಯ ಹಣ ಯಾರ ಕೈಯಲ್ಲಿದೆಯೆಂದು ಕೇಳಲು ಸಂಕೋಚಪಡಬಾರದು. ಮೇಲ್ವಿಚಾರಕರು ಎದುರಿಲ್ಲದಾಗ ಅಲ್ಲಿನ ಅಜ್ಜಿಯೊಬ್ಬರ ಬಳಿ ಕುಳಿತು ಮಾತನಾಡಬೇಕು. ಅವರು ದನಿ ತಗ್ಗಿಸಿ ಬಾಗಿಲಿನತ್ತ ನೋಡಿದರೆ, ಅದನ್ನು ಗಮನಿಸತಕ್ಕದ್ದು.

ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮವೊಂದನ್ನಾದರೂ ಸರ್ಕಾರವು ಸ್ಥಾಪಿಸಬಹುದೆಂದೂ, ಅಲ್ಲಿನ ಸೇವೆಯ ಮಟ್ಟವನ್ನು ಗೊತ್ತುಪಡಿಸಬಹುದೆಂದೂ ಹಿರಿಯ ನಾಗರಿಕರ ಕುರಿತಾದ 2007ರ ಅಧಿನಿಯಮ ಹೇಳುತ್ತದೆ. 'ಬಹುದು' ಎಂಬ ಮಾತು ತೀರ ಸಡಿಲವಾದುದು. ಮಕ್ಕಳು ಕೈಬಿಟ್ಟ ತಂದೆತಾಯಿಗಳು ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಉಪವಿಭಾಗಾಧಿಕಾರಿಗಳ ಕಚೇರಿ ಸಕಲೇಶಪುರದಲ್ಲಿಯೇ ಇದೆ. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಗಾಳಿಮಳೆಗೆ ಮರ ಉರುಳಿ ದೂರವಾಣಿ ಸತ್ತ ದಿನಗಳಲ್ಲಿ ಮಾತ್ರ, ಪಿಂಚಣಿ ತರುವ ಅಂಚೆಯಣ್ಣನೋ ಆಶಾ ಕಾರ್ಯಕರ್ತೆಯೋ ಬಾಗಿಲು ತಟ್ಟಿ ವಿಚಾರಿಸಿಕೊಳ್ಳಬೇಕಾಗುತ್ತದೆ.