ರಕ್ತದ ಕೆಂಪು ಕಣಗಳನ್ನು ಕುರಿತ ಪಾಠ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಯಾರಾದರೂ ಬಿಳಿಚಿಕೊಂಡು ಏದುಸಿರು ಬಿಟ್ಟರೆ, "ಮೈಯಲ್ಲಿ ರಕ್ತವಿಲ್ಲ" ಎಂದು ಹೇಳಿ ಸುಮ್ಮನಾಗುವದುಂಟು. ಆದರೆ ರಕ್ತಹೀನತೆಗೆ ಕಾರಣಗಳು ಬೇರೆ ಬೇರೆ; ಕಾರಣವನ್ನು ತಿಳಿಯದೆ ಕೊಟ್ಟ ಔಷಧವು ಫಲಿಸದೆ ಹೋಗಬಹುದು.

1. ರಕ್ತವು ಎಂಥದ್ದು? ಪ್ರಾಯಸ್ಥರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುವದು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ತಿಳಿಹಳದಿಯ ನೀರು. ಉಳಿದದ್ದು ಬಹುಮಟ್ಟಿಗೆ ಕೆಂಪು ಕಣಗಳೇ. ರೋಗದೊಡನೆ ಹೋರಾಡುವ ಬಿಳಿ ಕಣಗಳೂ ಗಾಯದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಕಣಗಳೂ ಸ್ವಲ್ಪ ಭಾಗ ಮಾತ್ರ. ಕೆಂಪು ಕಣದೊಳಗೆ ಕಬ್ಬಿಣದ ಅಂಶವುಳ್ಳ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಇದೇ ಪ್ರಾಣವಾಯುವನ್ನು ಶ್ವಾಸಕೋಶದಿಂದ ಸರ್ವಾಂಗಗಳಿಗೂ ಹೊತ್ತೊಯ್ಯುವದು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಈ ಕಣವು ಸುಮಾರು 120 ದಿನ ಬದುಕುವದು.

2. ಅಳತೆ ಎಷ್ಟು? 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂ, ಬಸುರಿಯರಿಗೆ ಸುಮಾರು 11 ಗ್ರಾಂಗಿಂತ ಕಡಿಮೆಯಿರಬಾರದು. ಬಸುರಿಯಲ್ಲಿ 7ಕ್ಕಿಂತ ಇಳಿದರೆ ತಾಯಿಗೂ ಕೂಸಿಗೂ ಅಪಾಯವುಂಟು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

3. ಕಬ್ಬಿಣದ ಕೊರತೆ. ಹೆಚ್ಚಾಗಿ ಕಾಣುವದು ಇದೇ. ಸೊಪ್ಪು, ಕಾಳು, ಮಾಂಸಗಳು ಸಾಲದಿರುವದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವದು, ಬರಿಗಾಲಿನ ಮೂಲಕ ಒಳಸೇರುವ ಕೊಕ್ಕೆಹುಳು, ಇವೇ ಮುಖ್ಯ ಕಾರಣಗಳು. ಊಟದೊಡನೆ ನಿಂಬೆಹುಳಿ ಸೇರಿಸಿದರೆ ಕಬ್ಬಿಣವು ಚೆನ್ನಾಗಿ ಹತ್ತುವದು. ಊಟದೊಡನೆ ಕುಡಿದ ಕಾಫಿ, ಟೀಗಳು ಅದನ್ನು ತಡೆಯುವವು. ಸರಕಾರದ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕಬ್ಬಿಣದ ಮಾತ್ರೆಗಳನ್ನು ಧರ್ಮಕ್ಕೆ ಕೊಡುತ್ತಾರೆ. ಮಲವು ಕಪ್ಪಾಯಿತೆಂದು ಹೆದರಿ ಅವನ್ನು ಬಿಸಾಡಬಾರದು.

4. ಕುಡುಗೋಲು ಕಣದ ರೋಗ. ಹೆಗ್ಗಡದೇವನಕೋಟೆ, ಹುಣಸೂರು ಕಾಡಂಚಿನ ಹಾಡಿಗಳ ಜೇನುಕುರುಬರು ಮೊದಲಾದ ಜನರಲ್ಲಿ ಈ ರೋಗವು ಕಾಣುವದು. ದುಂಡಾಗಿರಬೇಕಾದ ಕಣವು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಕೈಕಾಲುಗಳಲ್ಲಿ ಕಡುನೋವನ್ನು ಹುಟ್ಟಿಸುವದು. 10-20 ದಿನಗಳಲ್ಲಿಯೇ ಸಾಯುವದು. ಇದು ಮಾಟವಲ್ಲ, ಅಂಟುರೋಗವಲ್ಲ, ಕುಲದ ದೋಷವೂ ಅಲ್ಲ. ಆಫ್ರಿಕ, ಅರಬ್ ದೇಶಗಳಲ್ಲಿಯೂ ಇದುಂಟು. ಯಾಕಂದರೆ ಈ ಗುಣದ ಒಂದು ಪಾಲು ಮಾತ್ರ ಉಳ್ಳವರನ್ನು ಅದು ಮಲೇರಿಯ ಜ್ವರದಿಂದ ಬಹುಮಟ್ಟಿಗೆ ಕಾಪಾಡುತ್ತಿತ್ತು. ತಂದೆತಾಯಿಗಳಿಬ್ಬರಲ್ಲಿಯೂ ಒಂದೊಂದು ಪಾಲಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ಆದದರಿಂದ ತಾಯಿಯೊಬ್ಬಳನ್ನೇ ದೂಷಿಸುವದು ಅನ್ಯಾಯ. ಈ ರೋಗಕ್ಕೆ ಕಬ್ಬಿಣದ ಮಾತ್ರೆಯು ಮದ್ದಲ್ಲ. ರೋಗಿಯು ವೈದ್ಯರು ಹೇಳಿದರೆ ಮಾತ್ರ ಅದನ್ನು ನುಂಗತಕ್ಕದ್ದು. ನೋವನ್ನು ತಗ್ಗಿಸುವ ಬೇರೆ ಔಷಧವುಂಟು.

5. ಮಾಡತಕ್ಕದ್ದೇನು? ರಕ್ತಪರೀಕ್ಷೆಯೊಂದೇ ಕಾರಣವನ್ನು ತೋರಿಸುವದು. ಭಾರತ ಸರಕಾರವು 2023ನೆಯ ಜುಲೈ 1ರಂದು ಈ ರೋಗದ ನಿವಾರಣಾ ಕಾರ್ಯವನ್ನು ಆರಂಭಿಸಿ, ರೋಗವಿರುವ ಬುಡಕಟ್ಟು ಸೀಮೆಗಳಲ್ಲಿ 40 ವರುಷದವರೆಗಿನವರನ್ನು ಪರೀಕ್ಷಿಸುವ ಏರ್ಪಾಡು ಮಾಡಿದೆ. ಅಲ್ಲಿನವರು ಮದುವೆಯ ಮಾತುಕತೆಗೆ ಮುಂಚೆಯೇ ಗಂಡು ಹೆಣ್ಣುಗಳಿಬ್ಬರ ರಕ್ತವನ್ನೂ ನೋಡಿಸಿಕೊಳ್ಳುವದು ಒಳ್ಳೆಯದು.

ಮನೆಯಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು: ನಮ್ಮ ಮನೆಯ ಬಸುರಿಯ ಹಿಮೋಗ್ಲೋಬಿನ್ ಎಷ್ಟು? ಪದೇ ಪದೇ ಮೈಕೈ ನೋವೆಂದು ಅಳುವ ಮಗುವಿನ ರಕ್ತವನ್ನು ಪರೀಕ್ಷಿಸಿದ್ದುಂಟೋ?