ದುವಾನೂ ಬೇಕು, ದವಾನೂ ಬೇಕು

ಮಗಳೇ, ಮೊನ್ನೆ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬಂದು ಹುಮನಾಬಾದ ಸ್ಟೇಷನ್ನಿನಲ್ಲಿ ಕಲಬುರಗಿ ರೈಲಿಗೆ ಕಾಯುತ್ತ ಕೂತಿದ್ದಿ. 2017ರಲ್ಲಿ ಈ ರೈಲು ಶುರುವಾದ ಮೇಲೆ ನಿನ್ನಂಥವರಿಗೆ ದವಾಖಾನೆಯ ದಾರಿ ಒಂದಿಷ್ಟು ಹಗುರಾಗಿದೆ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಸ್ಕ್ಯಾನಿಂಗ್ ರಿಪೋರ್ಟು, ಗುಳಿಗೆ, ಅಂಚು ಸವೆದ ಬೈಬಲ್. ‘ಕಾಕಾ, ನನ್ನ ವಿಶ್ವಾಸ ಕಮ್ಮಿ ಆಗಿದ್ದಕ್ಕೇ ಈ ಜಡ್ಡು ಬಂತು ಅಂತಾರೆ, ಖರೇನಾ?’ ಅಂತ ಕೇಳಿದಿ. ಅಷ್ಟರಲ್ಲಿ ರೈಲು ಬಂತು. ಅಂದು ಬಾಯಲ್ಲೇ ಉಳಿದ ಉತ್ತರ ಇದು.

ಖರೇ ಅಲ್ಲವ್ವಾ. ಬೈಬಲಿನ ಯೋಬ ಜಡ್ಡಿನಲ್ಲಿ ನರಳುವಾಗ ಅವನ ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ‘ನಿನ್ನದೇ ತಪ್ಪು’ ಅನ್ನತೊಡಗಿದ ಮೇಲೆ ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ಪೌಲನೂ ತನ್ನ ಮೈಯೊಳಗಿನ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಅವನ ವಿಶ್ವಾಸ ಕಮ್ಮಿಯಿತ್ತು ಅಂತ ಯಾರು ಹೇಳುತ್ತಾರೆ?

‘ಸ್ವಸ್ಥತೆಯ ಪ್ರಾರ್ಥನೆ ಆಯಿತು, ಇನ್ನು ಇಂಜೆಕ್ಷನ್ ಯಾಕೆ?’ ಅನ್ನುವವರೂ ಬರುತ್ತಾರೆ. ಅವರಿಗೆ ಅರಸ ಹಿಜ್ಕೀಯನ ಕಥೆ ಹೇಳು. ಅವನು ಗೋಡೆಗೆ ಮುಖ ಮಾಡಿ ಅತ್ತ, ದೇವರು ಕೇಳಿದ. ಆಮೇಲೂ ಪ್ರವಾದಿ ಯೆಶಾಯ ಹುಣ್ಣಿನ ಮೇಲೆ ಅಂಜೂರ ಅರೆದು ಕಟ್ಟಿಸಿದ. ನಮ್ಮ ಬೀದರ ಸೀಮೆಯ ಕ್ರೈಸ್ತರಲ್ಲಿ ಮೆಥೋಡಿಸ್ಟರೇ ಹೆಚ್ಚು. ಆ ಪಂಗಡಕ್ಕೆ ಮೂಲಪುರುಷನಾದ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಔಷಧಿ ಹಂಚುವ ಜಾಗ ತೆರೆದ. ಮರುವರ್ಷ ಮನೆಮದ್ದಿನ ಪುಸ್ತಕವನ್ನೇ ಬರೆದ. ಅವನು ಪ್ರಾರ್ಥನೆ ಬಿಟ್ಟವನಲ್ಲ, ಮದ್ದನ್ನೂ ಬಿಡಲಿಲ್ಲ. ನಮ್ಮ ಕಡೆ ದುವಾ, ದವಾ ಎರಡೂ ಬೇಕು ಅನ್ನುವುದು ಇದಕ್ಕೇ.

ಇನ್ನು ನಾಲ್ಕು ಸಣ್ಣ ಮಾತು. ಉಪವಾಸ ಪ್ರಾರ್ಥನೆ ನಿನ್ನ ಪಾಲಿಗೆ ಸದ್ಯ ಬೇಡ. ನಿನ್ನ ಬದಲು ನಾವು ಮಾಡುತ್ತೇವೆ. ಎಣ್ಣೆ ಹಚ್ಚಿ ಪ್ರಾರ್ಥಿಸಲು ಹಿರಿಯರು ಬಂದರೆ ಹಣೆಗೆ ಹಚ್ಚಿಸಿಕೋ. ಮುಂದೆ ರೇಡಿಯೇಷನ್ ಕೊಟ್ಟರೆ, ಗುರುತಿಗೆ ಎಳೆದ ಗೆರೆಗಳ ಮೇಲೆ ಬೇಡ, ಅಳಿಸಿದರೆ ತೊಂದರೆ. ಕೀಮೋ ಆದ ವಾರ, ಎರಡು ವಾರ ರಕ್ತದ ಬಿಳಿಕಣ ಇಳಿದಿರುತ್ತವೆ. ಆಗ ಗದ್ದಲದ ಕೂಟಕ್ಕೆ ಹೋಗಬೇಡ. ಜ್ವರ 100 ಡಿಗ್ರಿ ದಾಟುತ್ತಿದೆ ಅನ್ನಿಸಿದರೆ ಪಾಸ್ಟರಿಗಿಂತ ಮೊದಲು ಡಾಕ್ಟರಿಗೆ ಫೋನು ಮಾಡು. ಪಾಸ್ಟರ್ ಬೇಜಾರಾಗುವುದಿಲ್ಲ.

ಪಕ್ಕದ ಮನೆಯಾಕೆ ನಿನ್ನ ಹೆಸರಲ್ಲಿ ವೀರಭದ್ರೇಶ್ವರನಿಗೆ ಹರಕೆ ಹೊತ್ತಿದ್ದರೆ, ಎದುರು ಮನೆಯವರು ದರ್ಗಾದಲ್ಲಿ ದುವಾ ಮಾಡಿದ್ದರೆ ಮುಖ ಸಿಂಡರಿಸಬೇಡ. ಅದು ಅವರ ಅಂತಃಕರಣ. ಅವರು ತಂದ ಗಂಜಿ ಕುಡಿ.

ಮೈಯೆಲ್ಲ ಸೋತು, ಬಾಯಿಗೆ ಪ್ರಾರ್ಥನೆಯೇ ಬಾರದ ರಾತ್ರಿಗಳೂ ಇರುತ್ತವೆ. ಆಗ ‘ನಾನು ದೇವರನ್ನು ಬಿಟ್ಟೆ’ ಅಂತ ಅಂಜಬೇಡ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನ, ಮಾಳಿಗೆ ಬಿಚ್ಚಿ ಹಾಸಿಗೆ ಸಮೇತ ಇಳಿಬಿಟ್ಟರು. ಯೇಸು ನೋಡಿದ್ದು ಹೊತ್ತವರ ನಂಬಿಕೆಯನ್ನು ಅಂತ ಮಾರ್ಕನು ಬರೆದಿದ್ದಾನೆ. ಮಲಗಿದ್ದವನು ಒಂದು ಮಾತು ಆಡಿದ್ದೂ ಅಲ್ಲಿಲ್ಲ. ಈಗ ಹಾಸಿಗೆ ನಿನ್ನದು, ಹೆಗಲು ನಮ್ಮದು.

ಮಂಗಳವಾರ ಮುಂದಿನ ಡೋಸ್ ಅಂದಿದ್ದಿ. ಬೆಳಿಗ್ಗೆ ಎರಡು ತುತ್ತು ಉಣ್ಣು, ಗುಳಿಗೆ ತಗೋ, ಫೈಲು ಮರೀಬೇಡ. ಸ್ಟೇಷನ್ನಿಗೆ ನಾನು ಬಂದಿರುತ್ತೇನೆ.